ಮನೆಯಲ್ಲ, ಗಾಡಿ

ಹಿರಿಯೂರು
12 ನವೆಂಬರ್ 1997

ಮಗಳು ಏಕನಾಥಮ್ಮಳಿಗೆ,

ಮುಂದಿನ ಸಾಲು ಓದುವ ಮೊದಲೇ ತಿಳಿದುಕೋ, ನಿನ್ನ ಅವ್ವ ಬದುಕಿದ್ದಾಳೆ. ಬಲಗೈ ಮುರಿದಿದೆ, ಹಣೆಗೆ ಹೊಲಿಗೆ ಹಾಕಿದ್ದಾರೆ. ನನಗೆ ಏನೂ ಆಗಿಲ್ಲ. ಏನೂ ಆಗಲಿಲ್ಲವಲ್ಲ ಎಂದೇ ನಾಚಿಕೆಯಾಗಿದೆ.

ಕಳೆದ ಗುರುವಾರ ಹೊಳಲ್ಕೆರೆಯಿಂದ ಚಿಕ್ಕಜಾಜೂರಿಗೆ ಹೊರಟಿದ್ದೆವು. ಅಲ್ಲಿ ಒಬ್ಬರ ಹೊಲದಲ್ಲಿ ಬೋರಿನ ಮೋಟರ್ ಸುಟ್ಟಿತ್ತು, ರಿಪೇರಿಗೆ ಕರೆದಿದ್ದರು. ಅವ್ವ ವ್ಯಾನಿನ ಹಿಂಭಾಗದಲ್ಲಿ ತನ್ನ ಮಂಚದ ಮೇಲೆ ಬೆಲ್ಟು ಕಟ್ಟಿಕೊಂಡು ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತಿರುವಿನಲ್ಲಿ ಅದಿರಿನ ಲಾರಿಯೊಂದು ಮೈಮೇಲೆಯೇ ಬಂತು. ನಾನು ಎಡಕ್ಕೆ ಎಳೆದೆ. ಲಾರಿ ಬದಿಗೆ ಬಡಿದು, ನಿಲ್ಲದೆ ಹೋಗಿಬಿಟ್ಟಿತು. ನಮ್ಮ ಮೆಟಡಾರ್ ಉರುಳಿ ಹಳ್ಳಕ್ಕೆ ಬಿತ್ತು. ಲಾರಿಯ ನಂಬರ್ ನೋಡುವಷ್ಟು ಎಚ್ಚರ ನನಗಿರಲಿಲ್ಲ. ಒಳಗಿಂದ ಅವಳ ದನಿ ಬರುತ್ತಿರಲಿಲ್ಲ.

ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದ ರೈಲ್ವೆ ಗ್ಯಾಂಗಿನವರು ಓಡಿಬಂದು ಹಿಂದಿನ ಬಾಗಿಲು ಕಿತ್ತು ಅವಳನ್ನು ಹೊರಗೆ ತೆಗೆದರು. ಒಬ್ಬ, “ಅಕ್ಕಾ, ಕಾಲು ಅಲ್ಲಾಡ್ಸು ನೋಡಾಣ” ಅಂದ. ಅವಳು ಆ ನೋವಿನಲ್ಲೂ, “ಅವು ಹುಣಸೆಮರದಿಂದ ಬಿದ್ದಾಗಲೇ ಹೋಗ್ಯಾವಪ್ಪ. ಪಾಪ, ಇದಕ್ಕೆ ಲಾರಿಯೋನು ಕಾರಣ ಅಲ್ಲ” ಅಂದಳು. ಆಗ ನನಗೆ ಅಳು ಬಂತು.

ಈಗ ಹಿರಿಯೂರಿನ ರೂಮಿಗೆ ಕರೆದುಕೊಂಡು ಬಂದಿದ್ದೇನೆ. ತಿಂಗಳಿಗೆ ಒಂದೆರಡು ದಿನ ಬಂದು ಬೀಗ ತೆಗೆದು ಹೋಗುತ್ತಿದ್ದ ಈ ಬಾಡಿಗೆ ರೂಮಿನಲ್ಲಿ ಅವಳಿಗೆ ಒಂದು ಲೋಟವೂ ಕೈಗೆ ಸಿಗುವುದಿಲ್ಲ. ವ್ಯಾನಿನಲ್ಲಾದರೆ ಒಲೆ, ನೀರು, ಉಪ್ಪಿನ ಡಬ್ಬಿ, ಎಲ್ಲ ಅವಳ ತೋಳಿನಳತೆಗೆ ಕೂರಿಸಿದ್ದೆ. ಗಾಡಿ ಚಿತ್ರದುರ್ಗದಲ್ಲಿ ಮುರುಗೇಶಪ್ಪನ ಗ್ಯಾರೇಜಿನಲ್ಲಿದೆ. “ಚಾಸಿ ನೆಟ್ಟಗೈತೆ ಪಾಪಣ್ಣ, ಬಾಡಿ ಹೊಸದಾಗಿ ಕಟ್ಟಬೇಕು” ಅಂದಿದ್ದಾನೆ. ಖರ್ಚು ನಮ್ಮ ಅಳವಿನದಲ್ಲ. ಆದರೆ ಇನ್ಶೂರೆನ್ಸ್ ಒಂದು ವರ್ಷವೂ ತಪ್ಪಿಸಿಲ್ಲ, ಅದರಿಂದ ಧೈರ್ಯವಾಗಿದ್ದೇನೆ. ನೀನು ರಜೆ ಹಾಕಿ ರಾಯಚೂರಿನಿಂದ ಓಡಿ ಬರಬೇಡ. ಆಸ್ಪತ್ರೆಯಲ್ಲಿ ನಿನ್ನ ವಾರ್ಡಿನ ರೋಗಿಗಳನ್ನು ನೋಡಿಕೋ.

ನಿನ್ನ ಅಪ್ಪ,
ಪಾಪಣ್ಣ


ಹಿರಿಯೂರು
20 ಜನವರಿ 1998

ಏಕೂ,

ಅಕ್ಷರ ನೋಡಿ ನಗಬೇಡ. ಕಟ್ಟು ಬಿಚ್ಚಿ ವಾರವಾಯಿತು, ಬೆರಳು ಇನ್ನೂ ನನ್ನ ಮಾತು ಕೇಳುವುದಿಲ್ಲ. ಪಕ್ಕದ ಮನೆ ಬೋರಕ್ಕ ಬಂದು ತಲೆ ಬಾಚುತ್ತಾಳೆ, ಅನ್ನಕ್ಕಿಟ್ಟು ಹೋಗುತ್ತಾಳೆ. ಒಳ್ಳೆಯವಳು. ಆದರೆ ಇನ್ನೊಬ್ಬರು ಮಾಡಿದ ಸಾರಿಗೆ ಉಪ್ಪು ಸಾಲದು ಎಂದು ಹೇಳುವುದಕ್ಕೂ ಆಗುವುದಿಲ್ಲ ನೋಡು.

ನಿನಗೆ ಹೇಳಬೇಕಾದದ್ದು ಬೇರೆ ಇದೆ. ಇನ್ಶೂರೆನ್ಸಿನವರು ಬಂದಿದ್ದರು. ನಿಮ್ಮಪ್ಪ ಯಾರದೋ ಮೋಟರ್ ಬಿಚ್ಚಲು ಹೋಗಿದ್ದರು. ಬಂದವನು ಚಿಕ್ಕ ವಯಸ್ಸಿನವನು, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದು ನೆಲದ ಮೇಲೆಯೇ ಕೂತ. ಬೋರಕ್ಕ ಕೊಟ್ಟ ಟೀ ಕುಡಿದು, “ವ್ಯಾನಿನಲ್ಲಿ ಹೆಂಗೆ ಇರ್ತಿದ್ರಿ ಅಕ್ಕ?” ಎಂದು ಕೇಳಿದ.

ಈ ಮಾತನ್ನು ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ ಏಕೂ. ಎಲ್ಲರೂ “ಪಾಪ, ಹೆಂಗಿರ್ತೀಯೋ” ಅನ್ನುವವರೇ. ನಾನು ಎಲ್ಲ ಹೇಳಿದೆ. ಮುಂಜಾನೆ ಹಿಂದಿನ ಬಾಗಿಲು ತೆಗೆದರೆ ಒಂದು ದಿನ ಜೋಗಿಮಟ್ಟಿ ಗುಡ್ಡ, ಇನ್ನೊಂದು ದಿನ ಯಾರದೋ ಸೂರ್ಯಕಾಂತಿ ಹೊಲ. ಗ್ಯಾಸಿನ ಒಲೆ ಯಾವ ಕಡೆ, ದೇವರ ಪಟ ಯಾವ ಕಡೆ, ಮಳೆ ಬಂದರೆ ಎಲ್ಲಿ ತಟ್ಟೆ ಇಡುತ್ತಿದ್ದೆ. ಹೊಲದ ಹೆಂಗಸರು ನನ್ನ ಮೆಟ್ಟಿಲ ಮೇಲೆ ಕೂತು ಗಂಡಂದಿರ ಮೇಲೆ ದೂರು ಹೇಳುತ್ತಿದ್ದುದನ್ನೂ ಹೇಳಿದೆ. ನಮ್ಮಪ್ಪ ಕುರಿ ಕಾಯುವಾಗ ನಾವು ಇವತ್ತು ಇದ್ದ ಹೊಲದಲ್ಲಿ ನಾಳೆ ಇರುತ್ತಿರಲಿಲ್ಲ, ನನಗೆ ಗೋಡೆಯ ಮನೆ ಎಂದೂ ಒಗ್ಗಲಿಲ್ಲ, ಈ ವ್ಯಾನೇ ನನ್ನ ಮನೆ ಅಂದೆ. ಆತ ಒಂದೂ ಬಿಡದೆ ಬರೆದುಕೊಂಡ. “ಸೈನ್ ಹಾಕ್ತೀರಾ ಅಕ್ಕ” ಅಂದ. ಎಡಗೈಯಲ್ಲೇ ಹಾಕಿದೆ.

ಇನ್ನು ತಡವಾಗುವುದಿಲ್ಲ. ಯುಗಾದಿಗೆ ನೀನು ಬರುವ ಹೊತ್ತಿಗೆ ವ್ಯಾನ್ ಬಂದಿರುತ್ತದೆ. ಹೊಸದುರ್ಗದ ಕಡೆಗೆ ಹೋಗೋಣ, ನಿನಗೆ ಮೂರು ದಿನ ರಜೆ ಸಿಕ್ಕರೂ ಸಾಕು.

ನಿನ್ನ ಅವ್ವ


ಹಿರಿಯೂರು
9 ಮಾರ್ಚ್ 1998

ಮಗಳೇ,

ಈ ಕಾಗದವನ್ನು ಓದಿ ಹರಿದುಹಾಕು. ಕಂಪನಿಯವರು ಕ್ಲೇಮು ಕೊಡುವುದಿಲ್ಲ ಎಂದಿದ್ದಾರೆ. ಚಿತ್ರದುರ್ಗದ ಆಫೀಸಿಗೆ ಹೋಗಿ ಕೇಳಿದೆ. ಮೇಜಿನ ಹಿಂದಿದ್ದವರು ಬಿಡಿಸಿ ಹೇಳಿದರು. ಇದು ಓಡಾಡುವುದಕ್ಕೆಂದು ಇನ್ಶೂರ್ ಮಾಡಿದ ಗಾಡಿ, ನೀವು ಇದನ್ನು ಮನೆ ಮಾಡಿಕೊಂಡಿದ್ದಿರಿ, ತಿಳಿಸದೆ ಒಳಗಿನ ರೂಪ ಬದಲಿಸಿದಿರಿ, ಗ್ಯಾಸ್ ಒಲೆ ಹಚ್ಚುತ್ತಿದ್ದಿರಿ. “ಯಾರು ಹೇಳಿದ್ದು ಸಾರ್?” ಅಂದೆ. “ನಿಮ್ಮ ಮನೆಯವರೇ ಹೇಳ್ಯಾರಲ್ರಿ, ಚೆನ್ನಾಗಿ ವಿವರವಾಗಿ ಹೇಳ್ಯಾರೆ” ಅಂದರು.

ಲಾರಿ ಹೊಡೆದದ್ದಕ್ಕೂ ಒಲೆಗೂ ಏನು ಸಂಬಂಧ ಎಂದು ಕೇಳಿದೆ. ಅವರ ಹತ್ತಿರ ಉತ್ತರವಿತ್ತು, ನನಗೆ ಅರ್ಥವಾಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕೂತಿದ್ದೆ. ಮನೆಗೆ ಬಂದಾಗ ಅವಳು, “ಏನಂದ್ರು?” ಎಂದಳು. “ಫೈಲು ಬೆಂಗಳೂರಿಗೆ ಹೋಗೈತೆ” ಅಂದುಬಿಟ್ಟೆ. ಇನ್ಶೂರೆನ್ಸಿನ ಆ ಹುಡುಗ ಬಂದು ಹೋದ ದಿನ ಅವಳ ಮುಖ ನೋಡಬೇಕಿತ್ತು ನೀನು. ಅಪಘಾತವಾದ ಮೇಲೆ ಅವಳು ನಕ್ಕದ್ದು ಅದೊಂದೇ ದಿನ. ಅದರಿಂದಲೇ ಹೀಗಾಯಿತು ಎಂದು ನಾನು ಹೇಗೆ ಹೇಳಲಿ? ನೀನೂ ಹೇಳಬೇಡ. ಕೇಳಿದರೆ ಫೈಲು ಬೆಂಗಳೂರಿನಲ್ಲಿದೆ ಎಂದೇ ಬರೆ.

ಪಾಪಣ್ಣ


ರಾಯಚೂರು
18 ಮಾರ್ಚ್ 1998

ಅಪ್ಪಾ,

ಹರಿದುಹಾಕಿದೆ. ಅವ್ವನಿಗೂ ನೀವು ಹೇಳಿದಂತೆಯೇ ಬರೆದಿದ್ದೇನೆ. ಅವ್ವ ನಮ್ಮಿಬ್ಬರಲ್ಲಿ ಯಾರಿಗೂ ಎಂದೂ ಸುಳ್ಳು ಹೇಳಿದವಳಲ್ಲ, ನಾವಿಬ್ಬರೂ ಸೇರಿಕೊಂಡು ಅವಳಿಗೆ ಹೇಳುತ್ತಿದ್ದೇವೆ.

ಸುಮ್ಮನೆ ಬಿಡಬೇಡಿ. ನಮ್ಮ ಆಸ್ಪತ್ರೆಯ ಕ್ಲರ್ಕೊಬ್ಬರು ಹೇಳಿದರು, ಇಂಥದ್ದಕ್ಕೆ ಜಿಲ್ಲೆಯಲ್ಲಿ ಗ್ರಾಹಕರ ಕೋರ್ಟು ಎಂದು ಇದೆಯಂತೆ, ಹೆಚ್ಚು ಖರ್ಚಿಲ್ಲವಂತೆ. ಚಿತ್ರದುರ್ಗದಲ್ಲಿ ವಕೀಲ ಗಂಗಾಧರಪ್ಪನವರ ಹೆಸರು ಕೊಟ್ಟಿದ್ದಾರೆ. ಹೋಗಿ ನೋಡಿ. ರಿಪೇರಿಗೆ ನಾನು ಸಾಲ ತೆಗೆಯುತ್ತೇನೆ ಅಂದರೆ ನೀವು ಒಪ್ಪುವುದಿಲ್ಲ ಎಂದು ಗೊತ್ತು, ಆದರೂ ಒಂದು ಸಲ ಕೇಳಿದ್ದೇನೆ ಎಂದಿರಲಿ.

ಇನ್ನೊಂದು ಮಾತು. ಅವ್ವನ ಬೆನ್ನು ದಿನಾ ನೋಡಿ. ಒಂದೇ ಮಗ್ಗುಲಲ್ಲಿ ಮಲಗಿದರೆ ಹುಣ್ಣಾಗುತ್ತದೆ. ವ್ಯಾನಿನಲ್ಲಿ ಅವಳು ಸರಳು ಹಿಡಿದು ತಾನೇ ಹೊರಳುತ್ತಿದ್ದಳು. ಅಲ್ಲಿ ಹಿಡಿಯಲು ಏನಿದೆ?

ಏಕನಾಥಮ್ಮ


ಹಿರಿಯೂರು
26 ಜೂನ್ 1998

ಏಕೂ,

ನಿನ್ನ ಸೋದರಮಾವ ಬೀರಪ್ಪ ಯಲ್ಲದಕೆರೆಯಿಂದ ಬಂದಿದ್ದ. ಕುರಿ ಮಾರಲು ಚಿತ್ರದುರ್ಗಕ್ಕೆ ಹೋದವನು ಗ್ಯಾರೇಜಿಗೂ ಹೋಗಿ ಬಂದಿದ್ದಾನೆ. ವ್ಯಾನಿನೊಳಗೆ ಮುರುಗೇಶಪ್ಪನ ಕೋಳಿಗಳು ಮೊಟ್ಟೆ ಇಡುತ್ತಿವೆಯಂತೆ. ಬಾಗಿಲಿಲ್ಲ, ಬ್ಯಾಟರಿ ಇಲ್ಲ, ಗಾಲಿಗಳ ಸುತ್ತ ಹುಲ್ಲು ಬೆಳೆದಿದೆಯಂತೆ.

“ಯಾವಾಗ ಕೊಡ್ತಾನಂತೆ?” ಅಂದೆ. ಅವನು ನನ್ನ ಮುಖ ನೋಡಿದ. “ಯಾತರ ಕೊಡಾದು? ಕಂಪ್ನಿಯೋರು ಯುಗಾದಿಗೆ ಮೊದಲೇ ಆಗಲ್ಲ ಅಂದಾರಂತಲ್ಲಕ್ಕ. ನೀನೇ ಎಲ್ಲಾ ಬಾಯಿಬಿಟ್ಟು ಹೇಳಿದ್ಯಂತೆ. ಭಾವ ಹೇಳ್ಲಿಲ್ವಾ?” ಅಂದ. ಕೆಟ್ಟವನಲ್ಲ, ಅವನಿಗೆ ಮಾತು ಮುಚ್ಚಿಡಲು ಬರುವುದಿಲ್ಲ. ಆಮೇಲೆ ಅವನೇ ಗಾಬರಿಯಾಗಿ ನೀರು ತಂದುಕೊಟ್ಟ.

ಹಾಗಾದರೆ ಫೈಲು ಬೆಂಗಳೂರಿಗೆ ಹೋಗಿರಲಿಲ್ಲ.

ನಿಮ್ಮಪ್ಪನನ್ನು ಕೇಳಲಿಲ್ಲ. ಅವರು ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋಗಿ, ಭುಜದ ಮೇಲೆ ಮೋಟರ್ ಹೊತ್ತು ನಡೆದು, ಕತ್ತಲಿಗೆ ಮುಂಚೆ ನನ್ನನ್ನು ಹೊರಳಿಸಲು ಓಡಿ ಬರುತ್ತಾರೆ. ಅವರ ಹತ್ತಿರ ಏನು ಕೇಳಲಿ? ನಿನ್ನನ್ನೂ ಕೇಳುವುದಿಲ್ಲ. ನೀವಿಬ್ಬರೂ ನನ್ನ ಸಲುವಾಗಿಯೇ ಮಾಡಿದ್ದು. ಆದರೆ ಮಗಳೇ, ನೀನು ಎರಡು ಕಾಗದದಲ್ಲಿ ಅದನ್ನೇ ಬರೆದಿದ್ದೀ. ನಾನು ಅವನ್ನು ಬೋರಕ್ಕನಿಗೂ ಓದಿ ಹೇಳಿದ್ದೆ.

ಬೆನ್ನಿನ ಹುಣ್ಣು ಪರವಾಗಿಲ್ಲ. ನೀನು ಕಳಿಸಿದ ಮುಲಾಮು ಹಚ್ಚುತ್ತಿದ್ದಾರೆ.

ಅವ್ವ


ಹಿರಿಯೂರು
3 ಸೆಪ್ಟೆಂಬರ್ 1998

ಮಗಳು ಏಕನಾಥಮ್ಮಳಿಗೆ,

ಕೇಸು ಹಾಕಿ ಆಯಿತು. ಅವ್ವನ ಮುಂದೆ ಎಲ್ಲ ಬಾಯಿಬಿಟ್ಟದ್ದನ್ನು ಬೀರಪ್ಪ ನನಗೂ ಹೇಳಿದ, ಇನ್ನು ಮುಚ್ಚಿಡುವುದೇನೂ ಉಳಿದಿಲ್ಲ. ಗಂಗಾಧರಪ್ಪನವರು ಸಮಾಧಾನದ ಮನುಷ್ಯ. ಇನ್ನೂ ಫೀಸಿನ ಮಾತೆತ್ತಿಲ್ಲ. ಇವತ್ತು ತಾವೇ ರೂಮಿಗೆ ಬಂದಿದ್ದರು. ಅವ್ವನ ಮುಂದೆ ಕೂತು ಹೇಳಿದರು, “ನೋಡಮ್ಮ, ನಿಮ್ಮ ಆ ಹೇಳಿಕೆ ಒಂದೇ ಅವರ ಕೈಯಾಗಿರೋದು. ಕೈ ಮುರಿದಿತ್ತು, ಮಾತ್ರೆ ಮತ್ತಿನಾಗೆ ಏನೋ ಹೇಳಿದೆ, ನಾವಿರೋದು ಈ ಬಾಡಿಗೆ ಮನೆಯಾಗೆ, ವ್ಯಾನು ಓಡಾಡಾಕೆ ಮಾತ್ರ ಅಂತ ನೀವು ಹೇಳಿದ್ರೆ ಕೇಸು ನಿಲ್ಲುತ್ತೆ.”

ಅವಳು, “ಸುಳ್ಳು ಹೇಳು ಅಂತೀರಾ ಸ್ವಾಮಿ?” ಅಂದಳು.

“ಇಲ್ಲಮ್ಮ. ‘ಮನೆ’ ಅನ್ನೋ ಮಾತೊಂದು ಬಿಟ್ಟು ಹೇಳ್ರಿ ಅಂತೀನಿ.”

“ಅದೊಂದು ಬಿಟ್ರೆ ಇನ್ನೇನು ಉಳಿತೈತೆ ಹೇಳಾಕೆ?” ಅಂದವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ನಾನು ಬಲವಂತ ಮಾಡಲಾರೆ. ಆದರೆ ಗಾಡಿ ಇಲ್ಲದೆ ಈ ಕೆಲಸ ಆಗುವುದಿಲ್ಲ. ಮೊನ್ನೆ ಹೊಳಲ್ಕೆರೆಯಲ್ಲಿ ಬಸ್ಸಿನಿಂದ ಇಳಿಯುವಾಗ ಮೋಟರ್ ಕಾಲಿನ ಮೇಲೆ ಬಿತ್ತು. ಹೆಬ್ಬೆರಳು ಸ್ವಲ್ಪ ಕಪ್ಪಾಗಿದೆ, ನೋವೇನೂ ಇಲ್ಲ. ನೀನು ಅವ್ವನಿಗೆ ಒಂದು ಮಾತು ಬರೆದರೆ ಕೇಳುತ್ತಾಳೇನೋ.

ನಿನ್ನ ಅಪ್ಪ


ರಾಯಚೂರು
11 ಸೆಪ್ಟೆಂಬರ್ 1998

ಅವ್ವಾ,

ನಿನಗೆ ಬರೆಯುವ ಮುಖ ನನಗಿಲ್ಲ. ಜೂನಿನ ನಿನ್ನ ಕಾಗದಕ್ಕೆ ಉತ್ತರವನ್ನೇ ಬರೆಯಲಿಲ್ಲ, ಏನು ಬರೆಯಬೇಕೆಂದು ತಿಳಿಯಲಿಲ್ಲ. ಇವತ್ತು ಅದನ್ನು ಬಿಟ್ಟು ಬೇರೆ ಮಾತು.

ಅಪ್ಪನ ಹೆಬ್ಬೆರಳು ಕಪ್ಪಾಗಿದೆಯಂತೆ, ನೋವಿಲ್ಲವಂತೆ. ಅಪ್ಪನಂಥ ಸಕ್ಕರೆ ಕಾಯಿಲೆಯವರಿಗೆ ನೋವಿಲ್ಲ ಅಂದರೆ ಒಳ್ಳೆಯದಲ್ಲ ಅವ್ವ. ನನ್ನ ವಾರ್ಡಿನಲ್ಲಿ ಹಾಗೆಯೇ “ನೋವಿಲ್ಲ” ಎಂದು ನಡೆದುಕೊಂಡು ಬಂದವರು, ಹೋಗುವಾಗ ಇನ್ನೊಬ್ಬರ ಹೆಗಲ ಮೇಲೆ ಹೋಗಿದ್ದಾರೆ. ನಾಳೆಯೇ ಆಸ್ಪತ್ರೆಗೆ ಕಳಿಸು. ನೀನು ಗದರಿದರೆ ಹೋಗುತ್ತಾರೆ.

ಅವರು ಇನ್ನು ಭಾರ ಹೊರಬಾರದು. ಹೊರದೆ ಇರಬೇಕಾದರೆ ವ್ಯಾನು ಬೇಕು. ವ್ಯಾನು ಬರಬೇಕಾದರೆ ನಿನ್ನ ನಾಲ್ಕು ಮಾತು ಬೇಕು. ಅದು ನಿನ್ನ ಮನೆ ಎಂದು ನನಗೆ ಗೊತ್ತು, ಅಪ್ಪನಿಗೆ ಗೊತ್ತು, ಹೊಸದುರ್ಗದ ಹೊಲಹೊಲಕ್ಕೂ ಗೊತ್ತು. ಗೊತ್ತಿಲ್ಲದವರ ಮುಂದೆ ಒಂದು ದಿನ ಅಲ್ಲ ಅಂದರೆ ಅದು ಇಲ್ಲವಾಗುತ್ತದೆಯೇ? ಹೇಳಿಬಿಡು ಅವ್ವ. ಅಪ್ಪನಿಗಾಗಿ ಹೇಳಿಬಿಡು.

ನಿನ್ನ ಏಕೂ


ಹಿರಿಯೂರು
16 ಫೆಬ್ರವರಿ 1999

ಮಗಳೇ,

ಹೆಬ್ಬೆರಳು ತೆಗೆದ ಗಾಯ ಮಾಯುತ್ತಿದೆ. ನೀನು ಬಂದು ಹೋದ ಮೇಲೆ ಒಂದು ದಿನವೂ ಡ್ರೆಸ್ಸಿಂಗ್ ತಪ್ಪಿಸಿಲ್ಲ.

ನಿನ್ನೆ ವಿಚಾರಣೆ ಮುಗಿಯಿತು. ಬೀರಪ್ಪ ಮತ್ತು ಮುರುಗೇಶಪ್ಪ ಇಬ್ಬರೂ ಅವ್ವನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದರು. ಹಳದಿ ಅಂಚಿನ ಸೀರೆ ಉಟ್ಟಿದ್ದಳು. ಪ್ರಮಾಣ ಮಾಡಿಸಿದರು. ಕಂಪನಿಯ ವಕೀಲರು ಅವಳ ಹಳೆಯ ಹೇಳಿಕೆ ತೋರಿಸಿ, “ಇದು ನಿಮ್ಮ ಸಹಿಯೇ?” ಎಂದು ಕೇಳಿದರು.

“ಹೌದು ಸ್ವಾಮಿ, ಎಡಗೈದು.”

“ಈ ವ್ಯಾನೇ ನನ್ನ ಮನೆ ಅಂತ ಹೇಳಿದ್ದೀರಿ.”

“ಹೇಳಿದ್ದೆ.”

“ಈಗೇನು ಹೇಳ್ತೀರಿ?”

ಗಂಗಾಧರಪ್ಪನವರು ಕೆಮ್ಮಿದರು. ಅವಳು ನನ್ನ ಕಾಲಿನ ಕಟ್ಟು ನೋಡಿದಳು, ಆಮೇಲೆ ಎದುರಿಗೆ ಕೂತವರನ್ನು ನೋಡಿದಳು.

“ಮನೆ ಅಲ್ಲ ಸ್ವಾಮಿ. ಗಾಡಿ ಅದು.”

“ಹಾಗಾದ್ರೆ ಆವತ್ತು ಅಷ್ಟೆಲ್ಲಾ ಯಾಕೆ ಹೇಳಿದ್ರಿ?”

“ಕಾಲಿಲ್ಲದೋಳು ಸ್ವಾಮಿ. ಯಾರಾದ್ರೂ ಬಂದು ಕುಂತ್ಕಂಡು ಪ್ರೀತಿಯಾಗಿ ಕೇಳಿದ್ರೆ, ಇಲ್ಲದ್ದೂ ಇದ್ದಂಗೆ ಹೇಳ್ತೀವಿ.”

ಆ ವಕೀಲರು ಹೇಳಿಕೆಯ ಕಾಗದ ಮಡಚಿಟ್ಟರು. ತೀರ್ಪು ನಮ್ಮ ಕಡೆಗೇ ಆಗುತ್ತದೆ, ಕಂಪನಿಯವರು ಮೇಲಿನ ಕೋರ್ಟಿಗೆ ಹೋಗುವ ಹಾಗೆ ಕಾಣುವುದಿಲ್ಲ ಎಂದು ಗಂಗಾಧರಪ್ಪನವರು ಹೇಳಿದರು. ಮುರುಗೇಶಪ್ಪ ಕೋಳಿ ಓಡಿಸಿ ಕೆಲಸ ಶುರುಮಾಡುತ್ತಾನಂತೆ. ಎಲ್ಲರೂ ಹೋಟೆಲಿನಲ್ಲಿ ದೋಸೆ ತಿಂದೆವು. ಅವ್ವನೂ ತಿಂದಳು. ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ದಣಿದಿರಬೇಕು ಅಂದುಕೊಂಡೆ.

ಪಾಪಣ್ಣ


ಹಿರಿಯೂರು
23 ಮೇ 1999

ಏಕೂ,

ವ್ಯಾನ್ ಬಂತು, ಎರಡು ವಾರವಾಯಿತು. ತೀರ್ಪು ನಮ್ಮ ಕಡೆಗೇ ಆಗಿ ಕಂಪನಿಯವರು ದುಡ್ಡು ಕೊಟ್ಟರು. ನೀಲಿ ಬಣ್ಣ ಹೊಡೆಸಿದ್ದಾರೆ. ನಿಮ್ಮಪ್ಪ ಗ್ಯಾರೇಜಿನಲ್ಲೇ ಉಳಿದು ಒಳಗೆಲ್ಲ ತಾವೇ ಕೂರಿಸಿದ್ದಾರೆ. ಮಂಚದ ಸರಳಿಗೆ ಬಟ್ಟೆ ಸುತ್ತಿದ್ದಾರೆ, ಈ ಸಲ ಕೈ ಉಜ್ಜಬಾರದೆಂದು. ಬೀದಿಯವರೆಲ್ಲ ನೋಡಲು ಬಂದರು. ಬೋರಕ್ಕ ಕುಂಕುಮ ಹಚ್ಚಿದಳು.

ನಿಮ್ಮಪ್ಪ ನನ್ನನ್ನು ಎತ್ತಿಕೊಳ್ಳಲು ಬಂದರು. ನಾನು ಬೇಡ ಅಂದೆ. ತಮಾಷೆ ಅಂದುಕೊಂಡರು. ಎರಡನೆಯ ಸಲವೂ ಬೇಡ ಅಂದಾಗ ಪಕ್ಕದಲ್ಲಿ ಕೂತರು.

“ಯಾಕೆ?”

“ಅದು ಮನೆ ಅಲ್ಲ ಅಂತ ಪ್ರಮಾಣ ಮಾಡಿ ಬಂದಿನಿ.”

“ಅದು ಕೇಸಿಗೆ ಹೇಳಿದ್ದು ಕಾಳಕ್ಕ.”

“ನಾನು ಕೇಸಿಗೆ ಒಂದು, ಮನೆಗೆ ಒಂದು ಪ್ರಮಾಣ ಮಾಡಾಕೆ ಕಲಿತಿಲ್ಲ. ನಾನು ಅದ್ರಾಗೆ ಹೋಗಿ ಮಲಗಿದ್ರೆ ನನ್ನ ಬಾಯಿಂದ ಬಂದದ್ದು ಸುಳ್ಳಾಗುತ್ತೆ. ಮಲಗದೇ ಇದ್ರೆ ಸುಳ್ಳಾಗಂಗಿಲ್ಲ. ನೀವು ಹೋಗಿ ಬರ್ರಿ.”

ನೀನು ಬರೆದಿದ್ದೆ, ಒಂದು ದಿನ ಅಲ್ಲ ಅಂದರೆ ಇಲ್ಲವಾಗುತ್ತದೆಯೇ ಎಂದು. ನಾನೂ ಹಾಗೆಯೇ ಅಂದುಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದ್ದೆ. ಹೇಳುವಾಗ ಗೊತ್ತಾಯಿತು, ಆಗುತ್ತದೆ. ನಿನ್ನ ಮೇಲೆ ಸಿಟ್ಟಿಲ್ಲ. ಹೇಳಿದ್ದರಿಂದ ನಿಮ್ಮಪ್ಪನ ಕಾಲು ಉಳಿಯಿತು. ಇನ್ನೊಂದು ಸಲ ಕೇಳಿದರೂ ಅದನ್ನೇ ಹೇಳುತ್ತೇನೆ.

ಈಗ ಅವರು ಸೋಮವಾರ ಹೋಗಿ ಶುಕ್ರವಾರ ಬರುತ್ತಾರೆ. ನಡುವಿನ ದಿನಗಳಿಗೆ ಬೋರಕ್ಕ ಇದ್ದಾಳೆ. ರೂಮಿನ ಗೋಡೆಗೂ ಒಂದು ಸರಳು ಹಾಕಿಕೊಟ್ಟಿದ್ದಾರೆ, ನಾನೇ ಹೊರಳುತ್ತೇನೆ.

ಬುಧವಾರ ಹೊಸದುರ್ಗದ ಕಡೆಯ ದ್ಯಾಮಮ್ಮ ಬಂದಿದ್ದಳು. ನನ್ನ ಮೆಟ್ಟಿಲ ಮೇಲೆ ಕೂತು ಗಂಡನ ಮೇಲೆ ದೂರು ಹೇಳುತ್ತಿದ್ದವಳು ಅವಳೇ. ಪೇಟೆಗೆ ಬಂದವಳು ನನ್ನನ್ನು ಹುಡುಕಿಕೊಂಡು ಬಂದಳು. “ಅಣ್ಣಂಗೆ ಏನಾಗೈತಕ್ಕ?” ಅಂದಳು. “ಅಷ್ಟು ಚೆಂದ ಮಾಡ್ಸ್ಯಾನೆ, ಒಳಗೆ ಮಲಗಂಗಿಲ್ಲ. ಒಲೆ ಹಚ್ಚಂಗಿಲ್ಲ. ಹೊರಗೆ ಮೂರು ಕಲ್ಲಿಟ್ಟು ಬೇಯಿಸ್ಕಂತಾನೆ, ಗಾಡಿ ಪಕ್ಕ ನೆಲದ ಮೇಲೆ ಚೀಲ ಹಾಸ್ಕಂಡು ಮಲಗ್ತಾನೆ. ಕೇಳಿದ್ರೆ ಸೆಕೆ ಅಂತಾನೆ.”

ನಾನೂ, “ಹೌದು, ಅವರಿಗೆ ಸೆಕೆ ಜಾಸ್ತಿ” ಅಂದೆ.

ಬೀರಪ್ಪನಿಗೆ ಒಂದು ದಪ್ಪ ಕಂಬಳಿ ತರಲು ಹೇಳಿ ಕಳಿಸಿದ್ದೇನೆ. ಇವರು ಶುಕ್ರವಾರ ಬಂದರು, ಉಂಡರು, ಅದೂ ಇದೂ ಮಾತಾಡಿದೆವು. ಮಳೆಗಾಲ ಹತ್ತಿರ ಬಂತು. ಮಳೆ ಬಂದರೆ ಎಲ್ಲಿ ಮಲಗುತ್ತೀರಿ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನಿನ್ನ ಅವ್ವ,
ಕಾಳಕ್ಕ